ಜರ್ಮನಿಯಲ್ಲಿ ಮೊದಲ ಚಳಿಗಾಲ, ಮೊದಲ ಫೇಲ್: ನೀವೆಲ್ಲ ಹೇಗೆ ದಾಟಿದಿರಿ?

ಕೇಳಿದವರು: ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಲ್ಲಿ ಮಾಸ್ಟರ್ಸ್ ಮಾಡಲು ಜರ್ಮನಿಗೆ ಬಂದೆ. ಮೊದಲ ಒಂದೂವರೆ ತಿಂಗಳು ಹೇಗೆ ಕಳೆಯಿತೋ ಗೊತ್ತೇ ಆಗಲಿಲ್ಲ, ಕಂಡದ್ದೆಲ್ಲ ಹೊಸತು. ಡಿಸೆಂಬರಿನಿಂದ ಎಲ್ಲ ಮಂಕು. ಏಳುವಾಗ ಕತ್ತಲೆ, ಕ್ಲಾಸ್ ಮುಗಿಸಿ ಹೊರಗೆ ಬಂದರೂ ಕತ್ತಲೆ. ಫ್ಲ್ಯಾಟಿನಲ್ಲಿರುವ ಇನ್ನಿಬ್ಬರು ಹಲೋ ಅನ್ನುವುದು ಬಿಟ್ಟರೆ ಮಾತಾಡುವುದಿಲ್ಲ. ಹೋದ ವಾರ ಮೊದಲ ಪರೀಕ್ಷೆಯ ಫಲಿತಾಂಶ ಬಂತು: 5.0, ಅಂದರೆ ಫೇಲ್. ಇಷ್ಟು ವರ್ಷ ಓದಿದರಲ್ಲಿ ಒಮ್ಮೆಯೂ ನಾನು ಫೇಲ್ ಆದವಳಲ್ಲ. ಅಮ್ಮನಿಗೆ ಎಲ್ಲ ಚೆನ್ನಾಗಿದೆ ಅಂದುಬಿಟ್ಟೆ. ಮಾರ್ಚಿನಲ್ಲಿ ಇನ್ನೂ ಎರಡು ಪರೀಕ್ಷೆ ಇವೆ, ಪುಸ್ತಕ ತೆರೆದರೆ ತಲೆಗೆ ಏನೂ ಹತ್ತುತ್ತಿಲ್ಲ. ಮನೆಯವರು ಸಾಲ ಮಾಡಿ ಕಳಿಸಿದ್ದಾರೆ. ವಾಪಸ್ ಹೋಗಿಬಿಡಲೇ ಅನ್ನಿಸುತ್ತಿದೆ. ಇದನ್ನು ದಾಟಿದವರು ನಿಜವಾಗಿ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಆರು ವರ್ಷದ ಹಿಂದೆ ಬಂದವಳು

ತಂಗಿ, ನೀನು ಬರೆದದ್ದು ಓದಿ ನನ್ನ ಮೊದಲ ಫೆಬ್ರವರಿ ಕಣ್ಣ ಮುಂದೆ ಬಂತು. ನನಗೂ ಬಂದದ್ದು 5.0. ಬೇರೆ ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡು: ಹೋಗಿ ಆ ಉತ್ತರಪತ್ರಿಕೆ ನೋಡು. ಇಲ್ಲಿ ಅದಕ್ಕೆ ಐನ್‌ಸಿಖ್ಟ್ ಅಂತಾರೆ. ತಿದ್ದಿದ ಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕು, ಯಾರೂ ನಿನಗೆ ಉಪಕಾರ ಮಾಡುತ್ತಿಲ್ಲ. ದಿನಾಂಕವನ್ನು ಸಾಮಾನ್ಯವಾಗಿ ವಿಭಾಗದವರೇ ಪ್ರಕಟಿಸುತ್ತಾರೆ, ಕಾಣದಿದ್ದರೆ ಮೇಲ್ ಮಾಡಿ ಕೇಳು.

ನಾನು ಹೋಗುವುದೇ ಬೇಡ ಅಂತಿದ್ದೆ. ಫೇಲಾದ ಪೇಪರ್ ನೋಡಿ ಇನ್ನೊಂದು ಸಲ ಅಳುವುದು ಯಾಕೆ ಅಂತ. ಕ್ಲಾಸಿನಲ್ಲಿದ್ದ ಟರ್ಕಿಯ ಹುಡುಗಿ ಬಿಡಲಿಲ್ಲ, ತಾನೂ ಬರುತ್ತೇನೆ ಅಂತ ಎಳೆದುಕೊಂಡು ಹೋದಳು. ಸಣ್ಣ ಸೆಮಿನಾರ್ ಕೋಣೆ. ಬ್ಯಾಗು, ಜಾಕೆಟ್ಟು, ಫೋನು ಎಲ್ಲ ಗೋಡೆಯ ಬದಿಗೆ. ಗುರುತಿನ ಚೀಟಿ ತೋರಿಸಿ ಸಹಿ ಹಾಕಿದ ಮೇಲೆ ಪತ್ರಿಕೆ ಕೈಗೆ ಬಂತು, ನೋಡಲು ಇಪ್ಪತ್ತು ನಿಮಿಷ. ಮುಖಪುಟದಲ್ಲಿ 60ಕ್ಕೆ 26, ಪಾಸಿಗೆ 30 ಬೇಕಿತ್ತು. ಪುಟ ತಿರುಗಿಸುತ್ತಾ ಹೋದೆ. ನಾಲ್ಕನೇ ಪ್ರಶ್ನೆಯಲ್ಲಿ ನನ್ನ ಕೊನೆಯ ಉತ್ತರ ಸರಿಯಾಗಿಯೇ ಇತ್ತು, ಆದರೂ 10ಕ್ಕೆ 3. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: "ವಾರುಮ್?" ಯಾಕೆ? ಅಂತ. ಐದನೆಯದರಲ್ಲೂ ಅದೇ ಪದ. ಏಳರಲ್ಲೂ ಅದೇ.

ಅಲ್ಲಿ ಕೂತಿದ್ದ ಅಸಿಸ್ಟೆಂಟ್ ಬಂದು ಮೆತ್ತಗೆ ವಿವರಿಸಿದರು. ನಾನು ಸೂತ್ರ ಬಳಸಿ ಉತ್ತರ ತೆಗೆದಿದ್ದೆ, ಆ ಸೂತ್ರ ಅಲ್ಲಿ ಯಾಕೆ ಸಲ್ಲುತ್ತದೆ ಅಂತ ಎಲ್ಲೂ ಬರೆದಿರಲಿಲ್ಲ. ಅಂಕ ಇದ್ದದ್ದೇ ಆ ಕಾರಣ ಬರೆಯುವುದಕ್ಕೆ. ನನಗೆ ವಿಷಯ ಗೊತ್ತಿಲ್ಲ, ನಾನು ದಡ್ಡಿ, ತಪ್ಪು ಜಾಗಕ್ಕೆ ಬಂದಿದ್ದೇನೆ ಅಂತ ಎರಡು ವಾರ ಹಾಸಿಗೆಯಲ್ಲಿ ಬಿದ್ದುಕೊಂಡು ಕೊರಗಿದ್ದೆನಲ್ಲ, ಅಲ್ಲಿದ್ದದ್ದು ಬೇರೆಯದೇ ಕತೆ. ನಾನು ಓದುತ್ತಿದ್ದ ರೀತಿಗೂ ಇವರು ಕೇಳುವ ರೀತಿಗೂ ತಾಳೆ ಆಗಿರಲಿಲ್ಲ. ಇದನ್ನು ಆ ಪೇಪರ್ ನೋಡದೆ ಯಾರೂ ನನಗೆ ಹೇಳಿಕೊಡಲು ಸಾಧ್ಯವಿರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಫಾಖ್‌ಶಾಫ್ಟಿಗೆ ಹೋದೆ. ಪ್ರತಿ ವಿಭಾಗಕ್ಕೂ ವಿದ್ಯಾರ್ಥಿಗಳದ್ದೇ ಒಂದು ಸಂಘ ಇರುತ್ತದೆ, ಎಷ್ಟೋ ಕಡೆ ಹಳೆಯ ಪ್ರಶ್ನೆಪತ್ರಿಕೆಗಳು ಅವರ ಹತ್ತಿರ ಸಿಗುತ್ತವೆ. ಐದು ವರ್ಷದ್ದು ತಂದು, ಗಡಿಯಾರ ಇಟ್ಟುಕೊಂಡು ಬರೆದೆ. ಆ ಟರ್ಕಿ ಹುಡುಗಿ ನನ್ನದು ತಿದ್ದುತ್ತಿದ್ದಳು, ನಾನು ಅವಳದ್ದು. ಎರಡನೇ ಸಲ 2.3 ಬಂತು. ಇಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಬಂದರೆ ಪಾಸ್, ಹಾಗಾಗಿ ನನಗೆ ಅದು ದೊಡ್ಡದೇ.

ಇನ್ನೊಂದು ಮಾತು. ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ ಇವತ್ತೇ ಓದು, ಪ್ರ್ಯೂಫುಂಗ್ಸ್‌ಓರ್ಡ್‌ನುಂಗ್ ಅಂತ ಹುಡುಕಿದರೆ ಸಿಗುತ್ತದೆ. ಒಂದು ಪರೀಕ್ಷೆಗೆ ಎಷ್ಟು ಅಟೆಂಪ್ಟ್ ಅನ್ನುವುದು ಅದರಲ್ಲಿದೆ, ಹೆಚ್ಚಿನ ಕಡೆ ಮೂರು. ಕೊನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ ಬೀಳುತ್ತೀಯ, ಹಾಗಾಗಿ ಇದು ಬಾಯಿಮಾತಿನಲ್ಲಿ ಕೇಳಿ ತಿಳಿಯುವ ಸಂಗತಿಯಲ್ಲ. ಹೆಸರು ನೋಂದಾಯಿಸಿದ ಪರೀಕ್ಷೆಯಿಂದ ಎಷ್ಟು ದಿನ ಮುಂಚಿತವಾಗಿ ಹಿಂದೆ ಸರಿಯಬಹುದು ಅನ್ನುವುದನ್ನೂ ನೋಡಿಕೋ. ಮಾರ್ಚಿನ ಎರಡರಲ್ಲಿ ಒಂದಕ್ಕೆ ತಯಾರಿಯೇ ಆಗಿಲ್ಲ ಅನ್ನಿಸಿದರೆ ಗಡುವಿನ ಒಳಗೆ ಹೆಸರು ತೆಗೆಸಿ ಇನ್ನೊಂದನ್ನು ಚೆನ್ನಾಗಿ ಬರೆ. ಸುಮ್ಮನೆ ಹೋಗದೆ ಉಳಿದರೆ ಅದೂ 5.0 ಆಗುತ್ತದೆ. ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ ಸರ್ಟಿಫಿಕೇಟ್ ತರಬೇಕು.

ಎರಡನೇ ಚಳಿಗಾಲ ಮುಗಿಸುತ್ತಿರುವವನು

ಅಕ್ಕ ಪರೀಕ್ಷೆ ಬಗ್ಗೆ ಹೇಳಿದ್ದಾರೆ, ನಾನು ಕತ್ತಲೆ ಬಗ್ಗೆ ಹೇಳ್ತೀನಿ. ನಾನು ಬರ್ಲಿನ್‌ನಲ್ಲಿದ್ದೀನಿ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟೋದು 8:15ಕ್ಕೆ, ಮುಳುಗೋದು ಸಂಜೆ ನಾಲ್ಕಕ್ಕೂ ಮುಂಚೆ. ಅದರಲ್ಲೂ ಮುಕ್ಕಾಲು ದಿನ ಮೋಡ. ಹೋದ ವರ್ಷ ನಂಗೆ ಏನೋ ದೊಡ್ಡ ಕಾಯಿಲೆ ಬಂದಿದೆ ಅಂತಾನೇ ಅಂದುಕೊಂಡಿದ್ದೆ. ಹತ್ತು ಗಂಟೆ ನಿದ್ದೆ ಮಾಡಿದ್ರೂ ಸುಸ್ತು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದ್ರು, ವಿಟಮಿನ್ ಡಿ ತೀರಾ ಕಮ್ಮಿ ಇತ್ತು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಯ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಮಾಡಿಸುವಷ್ಟು ಶಕ್ತಿ ಇರಲ್ಲ, ನಮ್ಮಂಥ ಗಾಢ ಬಣ್ಣದವರಿಗೆ ಇನ್ನೂ ಕಷ್ಟ ಅಂದ್ರು. ನೀವೂ ಒಮ್ಮೆ ಕೇಳಿ ನೋಡಿ. ಮಾತ್ರೆ ಮಾತ್ರ ನೀವೇ ಲೆಕ್ಕ ಹಾಕಿ ನುಂಗಬೇಡಿ.

ನಾನು ಮಾಡಿದ್ದು ಇಷ್ಟೇ. ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಅರ್ಧ ಗಂಟೆ ಹೊರಗೆ ನಡೆಯೋದು, ಮೋಡ ಇರಲಿ ಮಳೆ ಇರಲಿ. ಲೈಬ್ರರಿಯಲ್ಲಿ ಕಿಟಕಿ ಪಕ್ಕದ ಜಾಗ ಹಿಡಿಯೋಕೆ ಬೇಗ ಹೋಗೋದು. ಮೊದಲ ವಾರ ಏನೂ ಅನ್ನಿಸಲಿಲ್ಲ, ಮೂರನೇ ವಾರದಿಂದ ಬೆಳಿಗ್ಗೆ ಏಳೋದು ಸುಲಭ ಆಯ್ತು. ಈಗ ಫೆಬ್ರವರಿ ಕೊನೆ ಅಲ್ವಾ, ದಿನಕ್ಕೆ ಸುಮಾರು ನಾಲ್ಕು ನಿಮಿಷದ ಲೆಕ್ಕದಲ್ಲಿ ಹಗಲು ಬೆಳೀತಾ ಇದೆ. ನಿಮ್ಮ ಮಾರ್ಚ್ ಪರೀಕ್ಷೆ ಹೊತ್ತಿಗೆ ಸಂಜೆ ಆರಕ್ಕೂ ಬೆಳಕಿರುತ್ತೆ. ವಾಪಸ್ ಹೋಗೋ ತೀರ್ಮಾನ ಮಾತ್ರ ಈ ತಿಂಗಳು ತಗೋಬೇಡಿ, ಏಪ್ರಿಲ್ ನೋಡಿ ಆಮೇಲೆ ಯೋಚನೆ ಮಾಡಿ.

ಫ್ಲ್ಯಾಟ್ ಹಂಚಿಕೊಂಡು ನಾಲ್ಕು ವರ್ಷ ಇದ್ದವಳು

ಮಾತಾಡದ ಫ್ಲ್ಯಾಟ್‌ಮೇಟ್‌ಗಳ ಬಗ್ಗೆ ನನ್ನ ಅನುಭವ. ನಾನಿದ್ದ ಫ್ಲ್ಯಾಟಿನಲ್ಲಿ ಒಬ್ಬ ಹುಡುಗಿ ಜನವರಿಯ ಚಳಿಯಲ್ಲಿ ದಿನಾ ಬೆಳಿಗ್ಗೆ ಅಡುಗೆಮನೆ, ಬಚ್ಚಲುಮನೆಯ ಕಿಟಕಿಗಳನ್ನು ಪೂರ್ತಿ ತೆರೆದಿಡುತ್ತಿದ್ದಳು. ನಾನು ಹೋಗಿ ಮುಚ್ಚುವುದು, ಅವಳು ಬಂದು ತೆರೆಯುವುದು. ನಾನು ಅಡುಗೆ ಮಾಡಿದ ವಾಸನೆಗೆ ಹಾಗೆ ಮಾಡುತ್ತಾಳೆ ಅಂತ ಒಳಗೊಳಗೇ ನೊಂದುಕೊಂಡೆ. ತಿಂಗಳಾದ ಮೇಲೆ ನನ್ನ ಕೋಣೆಯ ಮಂಚದ ಹಿಂದಿನ ಗೋಡೆಯಲ್ಲಿ ಅಂಗೈಯಗಲ ಕಪ್ಪು ಬೂಷ್ಟು ಹಿಡಿದಿತ್ತು. ಅವಳನ್ನೇ ಕರೆದು ತೋರಿಸಿದೆ. ಅವಳು ಏನೂ ಹೇಳದೆ ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆರೆದು, ಫೋನಿನಲ್ಲಿ ಐದು ನಿಮಿಷದ ಅಲಾರಂ ಇಟ್ಟಳು. ಒಳಗಿನ ತೇವ ಹೊರಗೆ ಹೋಗದಿದ್ದರೆ ತಣ್ಣನೆಯ ಗೋಡೆಯ ಮೇಲೆ ಕೂತು ಬೂಷ್ಟು ಬರುತ್ತದೆ, ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಬೇಕು, ಬಾಡಿಗೆ ಕರಾರಿನಲ್ಲೂ ಬರೆದಿದೆ ಅಂದಳು. ಅಲಾರಂ ಆಗುವವರೆಗೆ ಇಬ್ಬರೂ ಜಾಕೆಟ್ ಹಾಕಿಕೊಂಡು ಮಂಚದ ಮೇಲೆ ಕೂತಿದ್ದೆವು. ಅದೇ ನಮ್ಮ ಮೊದಲ ನಿಜವಾದ ಮಾತುಕತೆ.

ಅವಳು ಆಮೇಲೆ ಹೇಳಿದ್ದು ನನಗೆ ಈಗಲೂ ನೆನಪಿದೆ: ನೀನು ಯಾವಾಗಲೂ ಬಾಗಿಲು ಹಾಕಿಕೊಂಡಿರುತ್ತಿದ್ದೆ, ನಿನಗೆ ಒಬ್ಬಳೇ ಇರುವುದು ಇಷ್ಟ ಅಂದುಕೊಂಡಿದ್ದೆ ಅಂತ. ಇಲ್ಲಿ ಕೇಳದೆ ಯಾರೂ ನಿಮ್ಮ ವಿಷಯಕ್ಕೆ ಬರುವುದಿಲ್ಲ. ಅದು ಅವರ ಪ್ರಕಾರ ಮರ್ಯಾದೆ. ನಮಗೆ ಅದು ತಾತ್ಸಾರದಂತೆ ಕಾಣುತ್ತದೆ. ಹಾಗಾಗಿ ಮೊದಲ ಹೆಜ್ಜೆ ನೀವೇ ಇಡಿ, ಅದೂ ಏನಾದರೂ ಸಹಾಯ ಕೇಳುವ ನೆಪದಲ್ಲಿ. ಜರ್ಮನ್ ಭಾಷೆಯಲ್ಲಿ ಬಂದ ಒಂದು ಪತ್ರ ಹಿಡಿದು ಹೋಗಿ "ಇದು ಅರ್ಥ ಆಗಲಿಲ್ಲ" ಅಂದರೂ ಸಾಕು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಅವತ್ತೇ ಒಂಟಿತನ ಹೆಚ್ಚು, ಜನ ಮನೆಯಲ್ಲಿ ಸಿಗುವುದೂ ಅವತ್ತೇ.

ಕೆಲಸ ಮಾಡಿಕೊಂಡು ಓದಿದವನು

ಪತ್ರದ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರೇಡಿಯೊ ಟಿವಿ ಶುಲ್ಕದ ಪತ್ರ ನಿಮಗೂ ಬಂದಿರುತ್ತದೆ, ತಿಂಗಳಿಗೆ 18.36 ಯುರೋ. ಟಿವಿ ಇಲ್ಲ ಅಂತ ಎಸೆಯಬೇಡಿ, ನಾನು ಎಸೆದು ದಂಡ ಸೇರಿಸಿ ಕಟ್ಟಿದೆ. ಅದು ಮನೆಗೊಂದೇ, ತಲೆಗೊಂದಲ್ಲ. ಫ್ಲ್ಯಾಟಿನಲ್ಲಿ ಬೇರೆಯವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ನಂಬರು ಕೊಟ್ಟು ಉತ್ತರಿಸಿ, ಮೂವರೂ ಹಂಚಿಕೊಳ್ಳಿ.

ಸಾಲದ ಚಿಂತೆ ನನಗೂ ಇತ್ತು. ಮೊದಲ ಸೆಮಿಸ್ಟರಿನಲ್ಲೇ ವಾರಕ್ಕೆ ಇಪ್ಪತ್ತು ಗಂಟೆ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸಕ್ಕೆ ಸೇರಿದೆ. ರಾತ್ರಿ ಪಾಳಿ. ದುಡ್ಡು ಬಂತು, ಆದರೆ ನಾಲ್ಕು ಪರೀಕ್ಷೆಯಲ್ಲಿ ಮೂರು ಹೋದವು. ಒಂದು ಸೆಮಿಸ್ಟರ್ ಹೆಚ್ಚಾದರೆ ಆರು ತಿಂಗಳ ಬಾಡಿಗೆ, ವಿಮೆ, ಊಟದ ಖರ್ಚು ಮೈಮೇಲೆ ಬರುತ್ತದೆ. ವೀಸಾಕ್ಕಾಗಿ ಮೊದಲೇ ದುಡ್ಡು ತುಂಬಿಸಿಡುವ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯುರೋ ಬಿಡುತ್ತಾರೆ ಅನ್ನುವ ಲೆಕ್ಕದಲ್ಲೇ ಆರು ತಿಂಗಳಿಗೆ ಸುಮಾರು 6 ಸಾವಿರ. ಗೋದಾಮಿನಲ್ಲಿ ದುಡಿದದ್ದು ಅಷ್ಟಿರಲಿಲ್ಲ. ಈಗ ನಿಯಮದಲ್ಲಿ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶವಿದೆ, ಆದರೆ ಅವಕಾಶ ಇದೆ ಅಂತ ಪೂರ್ತಿ ಬಳಸಬೇಕಿಲ್ಲ. ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಕೆಲಸದ ಕಡೆ ತಲೆ ಹಾಕಬೇಡಿ. ಆಮೇಲೆ ಹುಡುಕುವುದಾದರೆ ವಿಶ್ವವಿದ್ಯಾಲಯದ ಒಳಗೇ ಹುಡುಕಿ. ಪ್ರೊಫೆಸರ ಗುಂಪುಗಳಲ್ಲಿ ವಿದ್ಯಾರ್ಥಿ ಸಹಾಯಕರ ಕೆಲಸಗಳಿರುತ್ತವೆ, ಪರೀಕ್ಷೆಯ ಸಮಯ ಅವರಿಗೆ ಗೊತ್ತಿರುತ್ತದೆ.

ವಾಪಸ್ ಹೋದವಳು

ಮೇಲಿನವರೆಲ್ಲ ಉಳಿದವರು. ನಾನು ಎರಡನೇ ಸೆಮಿಸ್ಟರ್ ಕೊನೆಗೆ ವಾಪಸ್ ಹೋದೆ. ಆ ತೀರ್ಮಾನದ ಬಗ್ಗೆ ನನಗೆ ಬೇಸರವಿಲ್ಲ, ಆ ಕೋರ್ಸ್ ನನಗೆ ಹೇಳಿದ್ದಾಗಿರಲಿಲ್ಲ. ಬೇಸರ ಇರುವುದು ಅದನ್ನು ತಗೊಂಡ ರೀತಿಗೆ. ಎಂಟು ತಿಂಗಳು ಮನೆಗೆ ಸುಳ್ಳು ಹೇಳಿದೆ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ವ್ಯತ್ಯಾಸ ಇದೆಯಲ್ಲ, ಅದೇ ನೆಪ. ಅವರು ಎಚ್ಚರವಿದ್ದಾಗ ಕ್ಲಾಸ್ ಅನ್ನುವುದು, ನಾನು ಬಿಡುವಾದಾಗ ಅವರು ಮಲಗಿದ್ದಾರೆ ಅನ್ನುವುದು. ಕೊನೆಗೆ ಹೇಳಿದಾಗ ಅಪ್ಪ ದುಡ್ಡಿನ ಮಾತೇ ಎತ್ತಲಿಲ್ಲ. "ಇಷ್ಟು ದಿನ ಒಬ್ಬಳೇ ಹೇಗಿದ್ದೆ ಮಗಳೇ" ಅಂದರು. ಪೂರ್ತಿ ಹೇಳಲು ಆಗದಿದ್ದರೆ ಒಂದು ಪರೀಕ್ಷೆ ಹೋಗಿದೆ ಅನ್ನುವಷ್ಟನ್ನಾದರೂ ಅಮ್ಮನಿಗೆ ಹೇಳಿ.

ಮತ್ತೆ, ತಲೆಗೆ ಏನೂ ಹತ್ತುತ್ತಿಲ್ಲ ಅಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಹಾಸ್ಟೆಲು, ಕ್ಯಾಂಟೀನು ನಡೆಸುವ ಸ್ಟುಡಿಯೆರೆಂಡನ್‌ವೆರ್ಕ್‌ನವರೇ ಮನಶ್ಶಾಸ್ತ್ರಜ್ಞರ ಸಲಹೆಯನ್ನೂ ಕೊಡುತ್ತಾರೆ, ಹೆಚ್ಚಿನ ಕಡೆ ಇಂಗ್ಲಿಷಿನಲ್ಲೂ ಸಿಗುತ್ತದೆ. ಸರದಿ ಬರಲು ಕೆಲವು ವಾರ ಹಿಡಿಯಬಹುದು, ಅದಕ್ಕೇ ಈಗಲೇ ಹೆಸರು ಕೊಡಿ. ಹಲವು ನಗರಗಳಲ್ಲಿ ನೈಟ್‌ಲೈನ್ ಅಂತ ಇದೆ, ರಾತ್ರಿ ಹೊತ್ತು ವಿದ್ಯಾರ್ಥಿಗಳೇ ಫೋನೆತ್ತಿ ಕೇಳಿಸಿಕೊಳ್ಳುತ್ತಾರೆ, ಹೆಸರು ಕೇಳುವುದಿಲ್ಲ. ತೀರಾ ತಡೆಯಲಾರದ ರಾತ್ರಿಗೆ 112 ಇದ್ದೇ ಇದೆ. ನಾನು ಇದ್ಯಾವುದನ್ನೂ ಮಾಡಲಿಲ್ಲ. ಮಾಡಿದ್ದರೂ ವಾಪಸ್ ಹೋಗುತ್ತಿದ್ದೆನೇನೋ, ಆದರೆ ಆ ಎಂಟು ತಿಂಗಳು ಅಷ್ಟು ಕೆಟ್ಟದಾಗಿ ಇರುತ್ತಿರಲಿಲ್ಲ.

ಕೇಳಿದವರು

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಐನ್‌ಸಿಖ್ಟಿಗೆ ಮೇಲ್ ಹಾಕಿದ್ದೆ, ಗುರುವಾರ ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ಸಲಹಾ ಕೇಂದ್ರದಲ್ಲೂ ಹೆಸರು ಬರೆಸಿದೆ, ಮೂರು ವಾರ ಆಗುತ್ತದಂತೆ. ನಿನ್ನೆ ರಾತ್ರಿ ಅಮ್ಮನಿಗೆ ಹೇಳಿದೆ. ಅತ್ತರು, ಆಮೇಲೆ ಮುಂದಿನ ಪರೀಕ್ಷೆ ಯಾವ ತಾರೀಕು ಅಂತ ಕೇಳಿ ಬರೆದುಕೊಂಡರು. ಅಕ್ಕ, ಗುರುವಾರ ಪತ್ರಿಕೆಯ ಫೋಟೊ ತೆಗೆಯಲು ಬಿಡುತ್ತಾರಾ?

ಆರು ವರ್ಷದ ಹಿಂದೆ ಬಂದವಳು

ಕೆಲವು ಕಡೆ ಬಿಡುತ್ತಾರೆ, ನಮ್ಮಲ್ಲಿ ಬಿಡುತ್ತಿರಲಿಲ್ಲ. ಒಳಗೆ ಹೋದ ಕೂಡಲೇ ಕೇಳು. ಬಿಡದಿದ್ದರೆ ಟಿಪ್ಪಣಿ ಮಾಡಿಕೊಳ್ಳಬಹುದಾ ಕೇಳಿ, ಒಂದು ಖಾಲಿ ಹಾಳೆ ಇಟ್ಟುಕೋ. ಮೊದಲ ಐದು ನಿಮಿಷ ಅಂಕ ಕೂಡಿದ್ದು ಸರಿಯಿದೆಯಾ ನೋಡು. ಉಳಿದ ಹೊತ್ತೆಲ್ಲ ಕೆಂಪು ಅಕ್ಷರ ಎಲ್ಲೆಲ್ಲಿದೆಯೋ ಅಲ್ಲೇ ಇರು. ಅರ್ಥವಾಗದ್ದನ್ನು ಅಲ್ಲೇ ಕೂತವರನ್ನು ಕೇಳು, ಜರ್ಮನ್ ಬಾರದಿದ್ದರೆ ಇಂಗ್ಲಿಷಿನಲ್ಲೇ. ಹೊರಗೆ ಬಂದ ಮೇಲೆ ಇಲ್ಲಿ ಬರೆ, ನಾನು ಗುರುವಾರ ಮಧ್ಯಾಹ್ನ ಬಿಡುವಾಗಿರುತ್ತೇನೆ.