ಮಗು ಮಲಗಿದರೂ ತಂಗಿಗೆ ನಿದ್ದೆ ಇಲ್ಲ

ಪ್ರಶ್ನೆ (ಬದಿಯಡ್ಕ ಕಡೆಯಿಂದ): ಡಾಕ್ಟ್ರೇ, ನಮಸ್ಕಾರ. ತಂಗಿ ಹೆರಿಗೆಗೆ ಬಂದವಳು ಇಲ್ಲೇ ತವರಲ್ಲಿದ್ದಾಳೆ. ಮಗುವಿಗೆ ಐದು ವಾರ. ಬಾಣಂತನದಲ್ಲಿ ಏನೂ ಕಮ್ಮಿ ಮಾಡಿಲ್ಲ. ದಿನಾ ಎಣ್ಣೆ ಹಾಕಿ, ಹಂಡೆಯ ಬಿಸಿನೀರಲ್ಲಿ ಮೀಯಿಸುತ್ತೇವೆ. ಆದರೂ ಮಂಕಾಗಿ ಕೂತಿರುತ್ತಾಳೆ. ಮಗು ಮಲಗಿದಾಗಲೂ ಅವಳು ಮಲಗುವುದಿಲ್ಲ. ರಾತ್ರಿ ಎದ್ದೆದ್ದು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯಾ ಅಂತ ನೋಡುತ್ತಾಳೆ. ಮೊನ್ನೆ "ಇದಕ್ಕೆ ಬೇರೆ ಅಮ್ಮ ಸಿಗಬೇಕಿತ್ತು" ಅಂದಳು. ಅಮ್ಮ ದೃಷ್ಟಿ ಅನ್ನುತ್ತಾರೆ, ಪಕ್ಕದ ಮನೆಯವರು ಸನ್ನಿ ಅನ್ನುತ್ತಾರೆ. ಮಾತ್ರೆ ಶುರು ಮಾಡಿದರೆ ಹಾಲು ಬಿಡಿಸಬೇಕಂತೆ, ಹೌದಾ?

ಉತ್ತರ (ಮನೋವೈದ್ಯೆ): ಎಲ್ಲಕ್ಕಿಂತ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಯಾರೂ ಇಲ್ಲದಾಗ ಅವಳ ಹತ್ತಿರ ಕೂತು ನೇರವಾಗಿ ಕೇಳಿ: "ಸಾಯಬೇಕು ಅನಿಸುತ್ತದಾ? ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅಂತ ಹೆದರಿಕೆ ಆಗುತ್ತದಾ?" ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಬಾಣಂತಿಯರು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೊರಡಿ.

ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಸುಮ್ನೆ ಅಳು ಬರುವುದು ತುಂಬಾ ಜನರಿಗೆ ಇದೆ. ಹೆರಿಗೆಯ ಕಸ, ಅಂದರೆ ಮಾಸು, ಬಿದ್ದ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಕೆಲವೇ ದಿನಗಳಲ್ಲಿ ಒಮ್ಮೆಲೇ ಇಳಿದುಬಿಡುತ್ತವೆ. ಆ ಅಳು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಐದು ವಾರವಾದರೂ ಹೋಗಿಲ್ಲ, ಮಗು ಮಲಗಿದರೂ ನಿದ್ದೆ ಇಲ್ಲ ಅಂದರೆ ಖಿನ್ನತೆ ಇರಬಹುದು. ನಮ್ಮ ದೇಶದಲ್ಲಿ ಸುಮಾರು ಐವರು ಬಾಣಂತಿಯರಲ್ಲಿ ಒಬ್ಬರಿಗೆ ಇದು ಬರುತ್ತದೆ. ಆರೈಕೆ ಕಮ್ಮಿಯಾಗಿ ಬಂದದ್ದಲ್ಲ. ಅವಳು ಕೆಟ್ಟ ತಾಯಿಯೂ ಅಲ್ಲ.

ಸನ್ನಿ ಬೇರೆ. ಅದು 1000 ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಕಾಣಿಸುತ್ತದೆ. ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ, ಇಲ್ಲದ ದನಿ ಕೇಳುತ್ತದೆ, ಮಗುವಿನ ಬಗ್ಗೆ ವಿಚಿತ್ರ ಸಂಶಯ ಬರುತ್ತದೆ. ಹಾಗೆ ಕಂಡರೆ ಬೆಳಗಾಗುವವರೆಗೂ ಕಾಯಬಾರದು.

ಹಾಲು ಬಿಡಿಸಲೇಬೇಕು ಅನ್ನುವುದು ಸರಿಯಲ್ಲ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆ ಹಾಲಿಗೆ ಹೋಗುವುದು ಬಹಳ ಕಮ್ಮಿ. ಆದರೆ ಯಾವ ಮಾತ್ರೆ, ಎಷ್ಟು ಅಂತ ಡಾಕ್ಟರೇ ನೋಡಿ ಹೇಳಬೇಕು. ಥೈರಾಯ್ಡ್, ಹಿಮೋಗ್ಲೋಬಿನ್ ಎರಡನ್ನೂ ಪರೀಕ್ಷೆ ಮಾಡಿಸಿ. ಅಮ್ಮ ದೃಷ್ಟಿ ತೆಗೆದರೆ ತೆಗೆಯಲಿ, ಜಗಳ ಬೇಡ. ಆದರೆ ರಾತ್ರಿ ಮಗುವನ್ನು ಅವರು ಎತ್ತಿಕೊಂಡು, ತಂಗಿಗೆ ನಾಲ್ಕೈದು ಗಂಟೆ ಒಂದೇ ಸಮ ಮಲಗಲು ಬಿಡಲಿ. ಈಗ ಅವಳಿಗೆ ಬೇಕಾದ ದೊಡ್ಡ ಆರೈಕೆ ಅದೇ.

ಪ್ರಶ್ನೆ (ಅವರೇ): ಮನೆಯಲ್ಲಿ ನಾವು ಮಾತಾಡುವುದು ತುಳು, ಕನ್ನಡ. ಹತ್ತಿರದ ಆಸ್ಪತ್ರೆಯಲ್ಲಿ ಮಲಯಾಳ. ಅಂಗಡಿ ವ್ಯವಹಾರಕ್ಕೆ ಅವಳಿಗೆ ಮಲಯಾಳ ಸಾಕು, ಇದನ್ನೆಲ್ಲ ಹೇಳುವುದು ಹೇಗೆ?

ಉತ್ತರ: ಕಾಸರಗೋಡಿನವರ ಈ ಕಷ್ಟ ನನಗೆ ಚೆನ್ನಾಗಿ ಗೊತ್ತು. ಕನ್ನಡದಲ್ಲೇ ನಾವು ಎಲ್ಲವನ್ನೂ "ತಲೆಬಿಸಿ" ಅಂದು ಮುಗಿಸುತ್ತೇವೆ. ಚಿಂತೆಯೂ ತಲೆಬಿಸಿ, ಬೇಸರವೂ ತಲೆಬಿಸಿ. ಅದು ಇನ್ನೊಂದು ಭಾಷೆಗೆ ಹೋದರೆ ಬರೀ ತಲೆನೋವಾಗಿ ಬಿಡುತ್ತದೆ, ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ. ಆದ್ದರಿಂದ ಮನೆಯಲ್ಲೇ ಒಂದು ಚೀಟಿ ಬರೆಯಿರಿ. ಎಷ್ಟು ಗಂಟೆ ನಿದ್ದೆ, ಊಟ ಹೇಗೆ, ಅಳು ಯಾವಾಗ, ಅವಳು ಆಡಿದ ಮಾತು ಅವಳದೇ ಶಬ್ದದಲ್ಲಿ. ಮಲಯಾಳ ಚೆನ್ನಾಗಿ ಬರುವವರು ಜೊತೆಗೆ ಹೋಗಿ. ಖಿನ್ನತೆ ಇದೆಯಾ ಅಂತ ನೋಡಲು ಎಡಿನ್‌ಬರೋ ಮಾಪನ ಅಂತ 10 ಪ್ರಶ್ನೆಗಳಿವೆ, ಬಾಣಂತಿಯರಿಗಾಗಿ 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಅದನ್ನು ಆಸ್ಪತ್ರೆಯಲ್ಲಿ ಕೇಳಿ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು. ಹಗಲು ರಾತ್ರಿ ಇದೆ, ದುಡ್ಡು ಇಲ್ಲ. ಭಾಷೆ ಕೇಳಿದಾಗ ಕನ್ನಡ ಬೇಕು ಅನ್ನಿ.

ಇನ್ನೊಬ್ಬರು (ಮಂಜೇಶ್ವರ): ಮಧ್ಯೆ ಬರುತ್ತಿದ್ದೇನೆ ಮೇಡಂ. ನನಗೆ 47. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಕುತ್ತಿಗೆಯಿಂದ ಬಿಸಿ ಏರಿ ಮೈಯೆಲ್ಲ ಬೆವರುತ್ತದೆ, ಮೂರು ಗಂಟೆಗೆ ಎಚ್ಚರ. ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ಮೊದಲ ಬಾಣಂತನದಲ್ಲೂ ಹೀಗೇ ಆಗಿತ್ತು, ಯಾರಿಗೂ ಹೇಳಿರಲಿಲ್ಲ.

ಉತ್ತರ: ಅಕ್ಕ, ಆ ಕೊನೆಯ ಮಾತು ಡಾಕ್ಟರಿಗೆ ತಪ್ಪದೆ ಹೇಳಿ. ಕೆಲವರ ಮನಸ್ಸು ಹಾರ್ಮೋನಿನ ಏರಿಳಿತಕ್ಕೆ ಬೇಗ ನಲುಗುತ್ತದೆ. ಮುಟ್ಟಿಗೆ ಮುಂಚಿನ ವಾರ, ಬಾಣಂತನ, ಮುಟ್ಟು ನಿಲ್ಲುವ ಕಾಲ, ಮೂರರಲ್ಲೂ ಅದೇ ತೊಂದರೆ ಮತ್ತೆ ಬರಬಹುದು. ಸುಮ್ನೆ "ವಯಸ್ಸಾಯ್ತು" ಅಂತ ಬಿಡಬೇಡಿ. ಗೋಡೆಯ ಕ್ಯಾಲೆಂಡರಿನಲ್ಲೇ ಮುಟ್ಟಾದ ದಿನ, ನಿದ್ದೆಗೆಟ್ಟ ದಿನ, ಸಿಟ್ಟು ಬಂದ ದಿನ ಗುರುತು ಹಾಕಿ. ಎರಡು ತಿಂಗಳಿನದ್ದು ಕೈಯಲ್ಲಿದ್ದರೆ ಡಾಕ್ಟರಿಗೆ ಅರ್ಧ ಕೆಲಸ ಆದಂತೆ. ಹಾಗಂತ ಎರಡು ತಿಂಗಳು ಕಾಯಬೇಡಿ, ಮೊದಲು ತೋರಿಸಿ. ಬಿಸಿಗೂ ಮನಸ್ಸಿಗೂ ಎರಡಕ್ಕೂ ಚಿಕಿತ್ಸೆ ಇದೆ.

ಪ್ರಶ್ನೆ (ಬದಿಯಡ್ಕದವರು, ಮರುದಿನ): ಕೇಳಿದೆ ಡಾಕ್ಟ್ರೇ. ಸಾಯುವ ಯೋಚನೆ ಇಲ್ಲ, ಆದರೆ ಮಗುವನ್ನು ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅನಿಸುತ್ತದಂತೆ. ಹೇಳಿ ತುಂಬಾ ಅತ್ತಳು. ಬುಧವಾರ ಹೊರಡುವ ಅಂತಿದ್ದೇವೆ. ಅಡ್ಮಿಟ್ ಮಾಡಿದರೆ ಮಗುವನ್ನು ಬೇರೆ ಮಾಡುತ್ತಾರಾ? ಅವಳಿಗೆ ಅದೇ ಹೆದರಿಕೆ.

ಉತ್ತರ: ಬುಧವಾರ ಬೇಡ, ಇವತ್ತೇ ಹೋಗಿ. ಅಲ್ಲಿವರೆಗೆ ಯಾರಾದರೂ ಅವಳ ಜೊತೆ ಇರಿ. ಹೆಚ್ಚಿನವರಿಗೆ ಅಡ್ಮಿಟ್ ಆಗುವ ಅಗತ್ಯವೇ ಬರುವುದಿಲ್ಲ. ಬಂದರೂ, ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಇದನ್ನು ಈಗಲೇ ಅವಳಿಗೆ ಹೇಳಿ. ಮಗುವನ್ನು ಜೊತೆಗೇ ಕರೆದುಕೊಂಡು ಹೋಗಿ, ಬಟ್ಟೆ ಎರಡು ಜಾಸ್ತಿ ಇರಲಿ. ಚೀಟಿ ಮರೆಯಬೇಡಿ.