ಸಹಾಯ ಬೇಕು: ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಲ್ಲಿ ಇಬ್ಬರು ಆಡೋ ಗೇಮ್

ನಮಸ್ಕಾರ. ‘ಒಳ್ಳೆ ಗೇಮ್ ಹೇಳಿ’ ಅಂತಷ್ಟೇ ಕೇಳಿದ್ರೆ ಬೈತೀರಿ, ಅದೂ ಸರಿನೇ. ಅದಕ್ಕೇ ವಿವರ ಸಮೇತ ಕೇಳ್ತಿದ್ದೀನಿ.

ನಾನು, ನನ್ನ ತಂಗಿ ರಾತ್ರಿ ಊಟ ಆದ್ಮೇಲೆ ಒಂದೇ ಸ್ಕ್ರೀನ್ ಮುಂದೆ ಕೂತು ಆಡ್ತೀವಿ. 8 ಜಿಬಿ ರ‍್ಯಾಮ್, ಇಂಟೆಲ್ ಗ್ರಾಫಿಕ್ಸ್. ಕಂಟ್ರೋಲರ್ ಒಂದೇ, ಇನ್ನೊಬ್ಬರಿಗೆ ಕೀಬೋರ್ಡೇ ಗತಿ. ಬಜೆಟ್ 500 ರೂಪಾಯಿ ಒಳಗೆ, ಸೇಲ್‌ಗೆ ಕಾಯೋಕೂ ರೆಡಿ.

2011ರ ಪೋರ್ಟಲ್ 2 ಗೇಮ್‌ನ ಕೋ-ಆಪ್ (ಇಬ್ಬರು ಜೊತೆಗೂಡಿ ಆಡೋ ಭಾಗ) ಮುಗಿಸಿದ್ವಿ. ಎರಡು ರೋಬೋಟ್, ತಲಾ ಎರಡು ಪೋರ್ಟಲ್, ಅಂದ್ರೆ ಗೋಡೆಗೆ ಗನ್‌ನಿಂದ ಹೊಡೆದು ಮಾಡೋ ಬಾಗಿಲು; ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಗೆ. ಒಬ್ಬರು ತಪ್ಪು ಗೋಡೆಗೆ ಹೊಡೆದ್ರೆ ಇನ್ನೊಬ್ಬರು ಸೀದಾ ವಿಷದ ನೀರಿಗೆ. ಆ ಜಗಳ, ಆ ನಗು ಬೇಕು. ಸ್ಟಾರ್‌ಡ್ಯೂ ವ್ಯಾಲಿ ನಂಗಿಷ್ಟ, ಅವಳಿಗೆ ಗಿಡಕ್ಕೆ ನೀರು ಹಾಕಿ ಹಾಕಿ ಬೇಜಾರು. ಅಡುಗೆ ಗೇಮ್ ಓವರ್‌ಕುಕ್ಡ್‌ನ ಟೈಮರ್ ಕಂಡ್ರೆ ಇಬ್ಬರಿಗೂ ಆಗಲ್ಲ. ಇಟ್ ಟೇಕ್ಸ್ ಟೂ ಗೇಮ್ ಹೇಳ್ಬೇಡಿ, ಈ ಮೆಷಿನ್ ಎಳೆಯಲ್ಲ.

ಸ್ಟೀಮ್‌ನಲ್ಲಿ (ಗೇಮ್ ಮಾರೋ ಆನ್‌ಲೈನ್ ಅಂಗಡಿ) ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ರೆ ರೀಫಂಡ್ ಕೇಳಬಹುದು, ಗೊತ್ತು. ಆದ್ರೂ ಆಡಿದವರ ಮಾತೇ ಬೇಕು. ಹೆಸರಿನ ಜೊತೆ ಯಾಕೆ ಹಿಡಿಸ್ತು, ಎಲ್ಲಿ ಬೋರ್ ಹೊಡೀತು ಅಂತ ಒಂದು ಸಾಲು ಬರೀರಿ. ಕ್ರ್ಯಾಕ್ (ಕದ್ದ ಕಾಪಿ) ಲಿಂಕ್ ಮಾತ್ರ ಬೇಡ.