ಇಳಿದ ಸೋಂಕು ಮತ್ತೆ ಏರುವುದೇಕೆ: ಚಿಕ್ಕಪ್ಪನ ಪ್ರಶ್ನೆಗೆ ಉತ್ತರ

ಚಿಕ್ಕಪ್ಪ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡೆ. ಕೋವಿಡ್‌ನಂಥ ಸಾಂಕ್ರಾಮಿಕದ ನಡುವೆ ಒಮ್ಮೆ ಇಳಿದ ಸೋಂಕು ಮತ್ತೆ ಏರಿದರೆ, ಅದುವರೆಗೆ ಪಟ್ಟ ಶ್ರಮವೆಲ್ಲ ವ್ಯರ್ಥವೆಂದು ಅರ್ಥವಲ್ಲವೇ ಎಂದು ಕೇಳಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ಬಹಳಷ್ಟು ಸಲ ಸೋಂಕು ಇಳಿಯುವುದು ವೈರಾಣು ಸೊರಗಿದ್ದರಿಂದಲ್ಲ, ಜನರು ಪರಸ್ಪರ ದೂರವಿದ್ದುದರಿಂದ. ಆ ದೂರ ಕಡಿಮೆಯಾದರೆ ಅದು ಮತ್ತೆ ಹರಡುತ್ತದೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ನೂರು ಸೋಂಕಿತರಿಂದ ಎಂಬತ್ತು ಮಂದಿಗೆ, ಆ ಎಂಬತ್ತು ಮಂದಿಯಿಂದ ಅರವತ್ತನಾಲ್ಕು ಮಂದಿಗೆ ಸೋಂಕು ತಗುಲುತ್ತ ಹೋದರೆ, ಹತ್ತನೆಯ ಸುತ್ತಿನಲ್ಲಿ ಸುಮಾರು ಹನ್ನೊಂದು ಮಂದಿ ಮಾತ್ರ ಉಳಿಯುತ್ತಾರೆ. ಗಮನಿಸಿ, ಸೊನ್ನೆಯಲ್ಲ. ಅದೇ ನೂರು ಮಂದಿ ನೂರಿಪ್ಪತ್ತು ಜನರಿಗೆ ಹರಡಿದರೆ ಹತ್ತನೆಯ ಸುತ್ತಿಗೆ ಸಂಖ್ಯೆ ಆರುನೂರನ್ನು ದಾಟುತ್ತದೆ. ಈ ಎರಡು ಸ್ಥಿತಿಗಳ ನಡುವಿನ ಅಂತರ ಬಹಳ ಚಿಕ್ಕದು. ಮುಚ್ಚಿದ ಕೋಣೆಗಳಲ್ಲಿ ಜನ ಇನ್ನಷ್ಟು ಹೊತ್ತು ಕೂಡಿ ಕುಳಿತರೂ ಸಾಕು. ರೋಗಲಕ್ಷಣ ಕಾಣಿಸುವ ಮೊದಲೇ ಕೋವಿಡ್ ಹರಡಬಲ್ಲದಾದ್ದರಿಂದ, ಏರಿಕೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಆಗಲೇ ಕೆಲವು ಸುತ್ತು ಮುಗಿಸಿರುತ್ತದೆ.

1918ರ ಇನ್‌ಫ್ಲುಯೆನ್ಜಾ (ಫ್ಲೂ ಜ್ವರ) ಸಾಂಕ್ರಾಮಿಕದ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಮಾಸ್ಕ್ ಕಡ್ಡಾಯ ಮಾಡಿತ್ತು. ರೋಗ ಇಳಿದಾಗ, ಆ ವರ್ಷದ ನವೆಂಬರ್‌ನಲ್ಲಿ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಜನ ಸಂಭ್ರಮದಿಂದ ಬೀದಿಯಲ್ಲೇ ಮಾಸ್ಕ್ ಕಿತ್ತೆಸೆದರು. ಡಿಸೆಂಬರ್‌ನಲ್ಲಿ ಸೋಂಕು ಮರಳಿತು, 1919ರ ಜನವರಿಯಲ್ಲಿ ಆಜ್ಞೆಯೂ ಮರಳಿತು. ಮರಳಿದ್ದಕ್ಕೆ ಮಾಸ್ಕ್ ತೆಗೆದದ್ದೊಂದೇ ಕಾರಣವೆನ್ನಲಾಗದು. ಸೋಂಕು ತಗುಲದವರು ಇನ್ನೂ ಬಹಳ ಮಂದಿ ಉಳಿದಿದ್ದರು ಎಂಬುದೇ ನನಗೆ ಮುಖ್ಯವೆನಿಸುತ್ತದೆ.

ಲಸಿಕೆ ಪಡೆದವರಿಗೂ ಸೋಂಕು ತಗುಲುವುದೇಕೆ ಎಂದು ಅಕ್ಕ ಕೇಳಿದ್ದಕ್ಕೂ ಇಲ್ಲೇ ಉತ್ತರಿಸುತ್ತೇನೆ. ಸೋಂಕು ತಗುಲದಂತೆ ತಡೆಯುವ ಲಸಿಕೆಯ ಶಕ್ತಿ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ, ವೈರಾಣುವೂ ರೂಪ ಬದಲಿಸುತ್ತದೆ. 2021ರ ನವೆಂಬರ್‌ನಲ್ಲಿ ಗುರುತಿಸಲ್ಪಟ್ಟ ಓಮಿಕ್ರಾನ್ ಎಂಬ ಕೋವಿಡ್ ವೈರಾಣುವಿನ ಹೊಸ ರೂಪ, ಲಸಿಕೆ ಪಡೆದವರಿಗೂ ಹಿಂದೆ ಸೋಂಕು ಬಂದಿದ್ದವರಿಗೂ ತಗುಲಿತು. ಆದರೆ ಕಾಯಿಲೆ ಗಂಭೀರವಾಗದಂತೆ ಲಸಿಕೆ ಕೊಡುವ ರಕ್ಷಣೆ ಅಷ್ಟು ಬೇಗ ಕುಗ್ಗಲಿಲ್ಲ. ಸೋಂಕು ತಗುಲಿತೆಂದ ಮಾತ್ರಕ್ಕೆ ಲಸಿಕೆ ಸೋತಿತೆನ್ನುವುದು ಅವಸರದ ತೀರ್ಮಾನ.

ಹೆಚ್ಚು ಪರೀಕ್ಷೆ ಮಾಡಿದ್ದರಿಂದ ಸೋಂಕು ಹೆಚ್ಚು ಕಾಣುತ್ತಿದೆ ಎಂಬ ಮಾವನ ವಾದ ಕೆಲವೊಮ್ಮೆ ನಿಜವೇ. ಆದರೆ ಪರೀಕ್ಷಿಸಿದ ನೂರರಲ್ಲಿ ಪಾಸಿಟಿವ್ ಬಂದವರ ಪಾಲೂ ಏರುತ್ತಿದ್ದರೆ, ಜೊತೆಗೆ ಆಸ್ಪತ್ರೆ ಸೇರುವವರೂ ಹೆಚ್ಚುತ್ತಿದ್ದರೆ ಆ ವಾದ ನಿಲ್ಲುವುದಿಲ್ಲ. ಆಸ್ಪತ್ರೆಯ ಲೆಕ್ಕ ತಡವಾಗಿ ಏರುತ್ತದೆ, ಸಾವಿನ ಲೆಕ್ಕ ಅದಕ್ಕಿಂತ ತಡ. ಹೊಸ ಸೋಂಕು ಇಳಿಯತೊಡಗಿದ ಮೇಲೂ ಸಾವುಗಳು ಕೆಲಕಾಲ ಹೆಚ್ಚುತ್ತಲೇ ಇರುವುದು ಅದಕ್ಕಾಗಿಯೇ, ಚಿಕ್ಕಪ್ಪ.